ಅರ್ಕಾವತ್ತು ಹಾರಿದ ದೂರುಗಳು

'ನುಡಿ' ಎಂಬ ಕನ್ನಡ ಟೈಪಿಂಗ್ ತಂತ್ರಾಂಶದ ಹಳೆಯ ಆಸ್ಕಿ ಕಡತಗಳನ್ನು (ಆ ಫಾಂಟು ಇಲ್ಲದೆ ಓದಲಾಗದವು) ಎಲ್ಲ ಕಡೆ ನಡೆಯುವ ಯೂನಿಕೋಡ್‌ಗೆ ತಿರುಗಿಸುವ ಪುಟ್ಟ ಮುಕ್ತ ತಂತ್ರಾಂಶವೊಂದನ್ನು ದಾವಣಗೆರೆಯಲ್ಲಿ ಕೂತು ನೋಡಿಕೊಳ್ಳುತ್ತಿದ್ದೇನೆ. ಹಗಲು ಹೊಟ್ಟೆಪಾಡಿನ ಕೆಲಸ, ಇದು ರಾತ್ರಿಯದು. ಬಳಸುವವರಲ್ಲಿ ಪ್ರೋಗ್ರಾಮರುಗಳು ಕಡಿಮೆ. ಲಗ್ನಪತ್ರಿಕೆ ಮಾಡುವ ಡಿಟಿಪಿಯವರು, ಕೋರ್ಟಿನ ಹತ್ತಿರದ ಟೈಪಿಂಗ್ ಅಂಗಡಿಯವರು, ಮೇಷ್ಟ್ರುಗಳೇ ಹೆಚ್ಚು. ಅವರಿಗೆ ಗಿಟ್‌ಹಬ್ ಖಾತೆ (ಕೋಡು, ದೂರು ಇಡುವ ಜಾಲತಾಣ ಅದು) ಎಲ್ಲಿಂದ ಬರಬೇಕು? "ಸರ, ನಿಮ್ ಸಾಫ್ಟ್‌ವೇರು ಅಕ್ಷರ ನುಂಗ್ತೈತ್ರಿ" ಎಂದು ವಾಟ್ಸಾಪಿನಲ್ಲಿ ಪರದೆಯ ಫೋಟೊ ಬರುತ್ತದೆ. ಅದನ್ನು ನಾನೇ ಅಲ್ಲಿ ಇಶ್ಯೂ, ಅಂದರೆ ದೂರಿನ ದಾಖಲೆ, ಮಾಡಿ ಹಾಕುತ್ತೇನೆ. ಪಟ್ಟಿ ಬೆಳೆದದ್ದು ಹೀಗೆ.

ಪಟ್ಟಿ ಕರಗಿಸಲು ಸ್ಟೇಲ್ ಬಾಟ್ ಎಂಬ ತಾನೇ ಓಡುವ ಪ್ರೋಗ್ರಾಂ ಹಾಕು ಎಂದವರಿದ್ದರು. ಅದರ ಸೆಟ್ಟಿಂಗ್ ಬದಲಿಸದೆ ಬಿಟ್ಟರೆ ಅದು 60 ದಿನ ಯಾರೂ ಮಾತಾಡದ ಇಶ್ಯೂಗೆ 'ಹಳತು' ಎಂದು ಚೀಟಿ ಅಂಟಿಸಿ, ಇನ್ನೂ 7 ದಿನ ಸುಮ್ಮನಿದ್ದರೆ ಮುಚ್ಚಿಬಿಡುತ್ತದೆ. ನಾನು ಹಾಕಲಿಲ್ಲ. ಮದುವೆ ಸೀಸನ್ನಿನಲ್ಲಿ ಡಿಟಿಪಿಯವರು ತಿಂಗಳುಗಟ್ಟಲೆ ಇತ್ತ ತಲೆಹಾಕುವುದಿಲ್ಲ, ಬಗ್ (ಕೋಡಿನ ದೋಷ) ಮಾತ್ರ ಇದ್ದಲ್ಲೇ ಇರುತ್ತದೆ.

ನಾನು ಹಿಡಿದ ದಾರಿ ಒಂದೇ: ಫೋಟೊ ಬೇಡ, ಕಡತ ಕಳಿಸಿ. ಇಡೀ ಕಡತವೂ ಬೇಡ, ಕೆಡುವ ಒಂದು ಸಾಲು ಸಾಕು. ಪತ್ರಿಕೆಯಲ್ಲಿ ಜನರ ಹೆಸರು, ಫೋನ್ ನಂಬರು ಇರುತ್ತವಲ್ಲ. ಸಾಲುಗಳು ಕೈಗೆ ಬಂದ ಮೇಲೆ ಪಟ್ಟಿಯ ಬಣ್ಣವೇ ಬಯಲಾಯಿತು. 'ಸಾಮರ್ಥ್ಯ' ಕೆಟ್ಟಿದೆ, 'ಅರ್ಘ್ಯ' ಕೆಟ್ಟಿದೆ, 'ಈರ್ಷ್ಯೆ' ಕೆಟ್ಟಿದೆ ಎಂದು ಬೇರೆಬೇರೆಯಾಗಿ ಕೂತಿದ್ದವೆಲ್ಲ ಒಂದೇ ಬಗ್. ಆಸ್ಕಿ ಫಾಂಟಿನಲ್ಲಿ ಅರ್ಕಾವತ್ತು, ಕಣ್ಣಿಗೆ ಕಾಣುವಂತೆಯೇ, ಅಕ್ಷರದ ನಂತರ ಕೂತಿರುತ್ತದೆ. ಯೂನಿಕೋಡಿನಲ್ಲಿ 'ರ್' ಮೊದಲು ಬರಬೇಕು. ನಮ್ಮ ಕೋಡು ಅದನ್ನು ಒಂದೇ ಹೆಜ್ಜೆ ಹಿಂದಕ್ಕೆ ಒಯ್ಯುತ್ತಿತ್ತು. ನಡುವೆ ಒತ್ತಕ್ಷರ ಇದ್ದರೆ ಅದನ್ನೂ ದಾಟಿ ಹೋಗಬೇಕಿತ್ತು. 'ರ‍್ಯಾಂಕ್', 'ರ‍್ಯಾಲಿ'ಗಳದ್ದು ಮೇಲ್ನೋಟಕ್ಕೆ ಇದೇ ಜಾತಿ, ಆದರೆ ಬೇರೆ ರೋಗ: ಅಲ್ಲಿ ಅರ್ಕಾವತ್ತು ಆಗಲೇಬಾರದು. ರ ಆದ ಕೂಡಲೇ ಕಣ್ಣಿಗೆ ಕಾಣದ ಜೀರೋ ವಿಡ್ತ್ ಜಾಯ್ನರ್ ಎಂಬ ಸಂಕೇತ, ಆಮೇಲೆ ಹಲಂತ (ಸ್ವರ ಕಳೆಯುವ ಚಿಹ್ನೆ) ಹಾಕಬೇಕು. ಎರಡು ತಿದ್ದುಪಡಿಗೆ ಪಟ್ಟಿಯ ದೊಡ್ಡ ಪಾಲು ಇಳಿಯಿತು. ಬಂದ ಸಾಲುಗಳೆಲ್ಲ ಈಗ ಕೋಡನ್ನು ಪರೀಕ್ಷಿಸುವ ಟೆಸ್ಟ್ ಕಡತದಲ್ಲಿವೆ.

ಇಶ್ಯೂಗಳಿಗೆ ಅಂಟಿಸುವ ಲೇಬಲ್‌ಗಳನ್ನು ಡೆಬಿಯನ್ ಎಂಬ ಮುಕ್ತ ಆಪರೇಟಿಂಗ್ ಸಿಸ್ಟಂನ ಬಗ್ ಪಟ್ಟಿಯಿಂದ ತಂದುಕೊಂಡೆ: ಇನ್ನಷ್ಟು ಮಾಹಿತಿ ಬೇಕು, ನಮ್ಮಲ್ಲಿ ಮರುಕಳಿಸುತ್ತಿಲ್ಲ, ಸರಿಪಡಿಸುವುದಿಲ್ಲ. ತೀವ್ರತೆಯ ಲೆಕ್ಕವೂ ಅಲ್ಲಿಯದೇ. ಮಾಹಿತಿ ಕಳೆಯುವ ಬಗ್ಗನ್ನು ಅವರು ಮೇಲಿನ ದರ್ಜೆಯಲ್ಲಿ ಇಡುತ್ತಾರೆ, ನನಗೂ ಅದೇ ಸರಿ ಕಾಣುತ್ತದೆ. ತಂತ್ರಾಂಶ ನಿಂತುಹೋದರೆ ಗೊತ್ತಾಗುತ್ತದೆ. ಸದ್ದಿಲ್ಲದೆ ಅಕ್ಷರ ಬಿದ್ದರೆ ಐನೂರು ಪತ್ರಿಕೆ ಅಚ್ಚಾದ ಮೇಲೆ ಬೀಗರು ಹೇಳುತ್ತಾರೆ.

'ಸರಿಪಡಿಸುವುದಿಲ್ಲ' ಎನ್ನುವುದೇ ಕಷ್ಟದ ಲೇಬಲ್. ನಡುವೆ ಇಂಗ್ಲಿಷ್ ಪದ ಇದ್ದರೆ ಅದೂ ಕನ್ನಡದ ಕಲಸುಮೇಲೋಗರ ಆಗುತ್ತದೆ ಎಂಬ ದೂರು ಪದೇಪದೇ ಬರುತ್ತದೆ. ಬರೀ ಪಠ್ಯ ನಕಲಿಸಿ ಅಂಟಿಸಿದಾಗ ಯಾವುದು ಯಾವ ಫಾಂಟಿನಲ್ಲಿತ್ತು ಎಂಬ ಗುರುತೇ ಉಳಿಯುವುದಿಲ್ಲ, ಹಾಗಾಗಿ ಅಲ್ಲಿ ಮಾಡುವಂಥದ್ದು ಏನಿಲ್ಲ. ವರ್ಡ್‌ನ ಡಾಕ್ಸ್ (.docx) ಕಡತವನ್ನೇ ಕೊಟ್ಟರೆ ಫಾಂಟಿನ ಹೆಸರು ಒಳಗಿರುತ್ತದೆ, ಆಗ ಸಾಧ್ಯ. ಇದನ್ನು ಕಾರಣ ಸಮೇತ ಒಮ್ಮೆ ಬರೆದಿಟ್ಟೆ. ಈಗ ಅದರ ಕೊಂಡಿ ಕಳಿಸಿ ಇಶ್ಯೂ ಮುಚ್ಚುತ್ತೇನೆ, ಯಾರೂ ಮುನಿಸಿಕೊಂಡಿಲ್ಲ.

ಹಿಂದೆ ಸರಿಯಿದ್ದದ್ದು ಈಗ ಕೆಟ್ಟಿದೆ ಎಂದರೆ ಯಾವ ಬದಲಾವಣೆಯಿಂದ ಕೆಟ್ಟಿತು ಎಂದು ಹುಡುಕುವ ಗಿಟ್ ಬೈಸೆಕ್ಟ್ ಹಚ್ಚುತ್ತೇನೆ. ಅದು ಪ್ರತಿ ಸಲ ಅರ್ಧ ಭಾಗ ಬಿಡುತ್ತಾ ಹೋಗುವುದರಿಂದ ಸಾವಿರ ಕಮಿಟ್‌ಗಳಿದ್ದರೂ (ಕೋಡಿನಲ್ಲಿ ದಾಖಲಾದ ಬದಲಾವಣೆಗಳು) ಸುಮಾರು ಹತ್ತು ಪರೀಕ್ಷೆಯಲ್ಲಿ ತಪ್ಪಿದ ಜಾಗ ಸಿಗುತ್ತದೆ.

ಹೊಸ ದೂರುಗಳನ್ನು ಮೊದಲು ಜಾಲಾಡುವವರು ಈಗ ಒಬ್ಬ ಡಿಟಿಪಿ ಅಕ್ಕ. ಕೋಡು ಬರೆಯುವುದಿಲ್ಲ, ಆದರೆ "ಇದು ಹಳೇದ ಐತಿ ತಮ್ಮಾ, ಆ ಅರ್ಘ್ಯದ ಜೊತಿಗೆ ಸೇರ್ಸು" ಎಂದು ನನಗಿಂತ ಬೇಗ ಹೇಳುತ್ತಾರೆ. ಉಳಿದಿರುವುದರಲ್ಲಿ ಪಿಡಿಎಫ್‌ನಿಂದ ನಕಲಿಸಿದ ಪಠ್ಯದ ತಕರಾರುಗಳೇ ಜಾಸ್ತಿ. ಅವಕ್ಕೆ ಬೇರೆ ಲೇಬಲ್ ಕೊಟ್ಟು ಬದಿಗಿಟ್ಟಿದ್ದೇವೆ, ಡಾಕ್ಸ್ ಕಡತವನ್ನೇ ತಿರುಗಿಸುವ ಕೆಲಸ ಮುಗಿಯುವ ತನಕ.