ಹಳೇ ಸಿಟಿ ವಿಟೆಕ್ ಕೊಡಗಿನಲ್ಲಿ ಪೆಟ್ರೋಲ್ ಕುಡಿಯುತ್ತಿದ್ದರೆ ಎಲ್ಲಿ ನೋಡಬೇಕು

2003ರವರೆಗೆ ಭಾರತದಲ್ಲಿ ಬಂದ, ಇಲ್ಲಿನ ಮೊದಲ ತಲೆಮಾರಿನ ಹೊಂಡಾ ಸಿಟಿ 1.5 ವಿಟೆಕ್ ಮೈಲೇಜ್ ಎಂಟು, ಒಂಬತ್ತಕ್ಕೆ ಇಳಿದರೆ ಜನ ಮೊದಲು ಬಯ್ಯುವುದು ವಿಟೆಕ್ಕನ್ನೇ, ಅಂದರೆ ಎಂಜಿನ್ ವೇಗ ಏರಿದಾಗ ವಾಲ್ವುಗಳನ್ನು ಹೆಚ್ಚು ತೆರೆಸುವ ವ್ಯವಸ್ಥೆಯನ್ನೇ. ಪಾಪ, ಅದರ ತಪ್ಪೇನೂ ಇರುವುದಿಲ್ಲ. ವಿಟೆಕ್‌ನ ದೊಡ್ಡ ಕ್ಯಾಮ್ ಕೆಲಸಕ್ಕೆ ಬರುವುದು ಎಂಜಿನ್ ಚೆನ್ನಾಗಿ ಅರಚುವ ಆರ್‌ಪಿಎಂನಲ್ಲಿ ಮಾತ್ರ. ಗೋಣಿಕೊಪ್ಪದಿಂದ ವಿರಾಜಪೇಟೆಗೆ ಹೋಗಿ ಬರುವವರು ಅಲ್ಲಿಗೆ ಮುಟ್ಟುವುದೇ ಅಪರೂಪ. ಕೊಡಗಿನಲ್ಲಿ ಈ ಕಾರಿನ ಪೆಟ್ರೋಲ್ ತಿನ್ನುವುದು ಹೆಚ್ಚಾಗಿ ಎರಡು ವಿಷಯ: ಸರಿಯಾಗಿ ಬಿಸಿಯಾಗದ ಎಂಜಿನ್, ಬಿಗಿಹಿಡಿದ ಚಕ್ರ.

ಮೊದಲು ಲೆಕ್ಕ ಸರಿಯಾಗಿರಲಿ. ಒಂದೇ ಬಂಕ್, ಒಂದೇ ಪಂಪ್, ಮೊದಲ ಕ್ಲಿಕ್‌ಗೆ ನಿಲ್ಲಿಸಿ ಟ್ರಿಪ್ ಮೀಟರ್ ಸೊನ್ನೆ ಮಾಡಿ. ಮುಂದಿನ ಸಲವೂ ಮೊದಲ ಕ್ಲಿಕ್‌ಗೇ ನಿಲ್ಲಿಸಿ. 412 ಕಿ.ಮೀ.ಗೆ 34.3 ಲೀಟರ್ ಹಿಡಿದರೆ ಲೀಟರಿಗೆ 12. ಇಂಥ ಮೂರು ಟ್ಯಾಂಕಿನ ಸರಾಸರಿ ಸಿಗದೆ ಯಾವ ರಿಪೇರಿಗೂ ಕೈಹಾಕಬೇಡಿ. ಮಡಿಕೇರಿಯಿಂದ ಕುಶಾಲನಗರಕ್ಕೆ ಇಳಿದ ಒಂದು ಟ್ರಿಪ್ಪಿನ ಲೆಕ್ಕ ಹಿಡಿದು ಖುಷಿಪಡುವುದಾಗಲಿ, ವಾಪಸ್ ಹತ್ತಿದ ಲೆಕ್ಕಕ್ಕೆ ಹೆದರುವುದಾಗಲಿ ಬೇಡ.

ಎಂಜಿನ್ ಬಿಸಿಯಾಗಲಿ

ಹಳೇ ಕಾರು ಒಮ್ಮೆ ಬಿಸಿ ಏರಿದರೆ ಥರ್ಮೋಸ್ಟ್ಯಾಟನ್ನು (ಎಂಜಿನ್ ಬಿಸಿಯಾಗುವವರೆಗೆ ಕೂಲೆಂಟನ್ನು ರೇಡಿಯೇಟರಿಗೆ ಬಿಡದೆ ತಡೆಯುವ ವಾಲ್ವ್) ಕಿತ್ತು ಬಿಸಾಡುವುದು ನಮ್ಮ ಕಡೆಯ ಎಷ್ಟೋ ಗ್ಯಾರೇಜುಗಳ ಅಭ್ಯಾಸ. ಬಯಲುಸೀಮೆಯಲ್ಲಿ ಹೇಗೋ ನಡೆದೀತು. ಜುಲೈ ತಿಂಗಳ ಮಡಿಕೇರಿಯಲ್ಲಿ ನಡೆಯುವುದಿಲ್ಲ. ಕೂಲೆಂಟ್ ತಣ್ಣಗಿದ್ದಷ್ಟು ಹೊತ್ತೂ ಇಸಿಯು, ಅಂದರೆ ಎಂಜಿನ್ನಿನ ಕಂಪ್ಯೂಟರ್, ಹೆಚ್ಚು ಪೆಟ್ರೋಲ್ ಹಾಯಿಸುತ್ತದೆ, ಹಿಂದಿನ ಕಾರ್ಬ್ಯುರೇಟರ್ ಕಾರಿನ ಚೋಕ್ ಎಳೆದೇ ಓಡಿಸಿದ ಹಾಗೆ.

ಪರೀಕ್ಷೆ ಸುಲಭ. ಎಂಟು ಹತ್ತು ಕಿ.ಮೀ. ಓಡಿಸಿದ ಮೇಲೆ ಟೆಂಪರೇಚರ್ ಮುಳ್ಳು ಅರ್ಧಕ್ಕಿಂತ ಸ್ವಲ್ಪ ಕೆಳಗೆ ಬಂದು ಅಲುಗದೆ ನಿಲ್ಲಬೇಕು. ಸಂಪಾಜೆ ಘಾಟಿ ಇಳಿಯುವಾಗ ಅದು ಕಾಲು ಭಾಗಕ್ಕೆ ಜಾರಿದರೆ ಥರ್ಮೋಸ್ಟ್ಯಾಟ್ ಇಲ್ಲ, ಅಥವಾ ತೆರೆದೇ ಸಿಕ್ಕಿಕೊಂಡಿದೆ. ಇದ್ದರೆ ಬಿಚ್ಚಿ, ಪಾತ್ರೆಯ ನೀರಿಗೆ ಥರ್ಮಾಮೀಟರ್ ಜೊತೆ ಇಳಿಬಿಟ್ಟು ಕಾಯಿಸಿ. 78 ಡಿಗ್ರಿಯ ಆಸುಪಾಸಿನಲ್ಲಿ ಬಾಯಿ ಬಿಡಲು ಶುರುಮಾಡಿ 90ಕ್ಕೆ ಪೂರ್ತಿ ತೆರೆದುಕೊಳ್ಳಬೇಕು. ತಳಕ್ಕೆ ತಾಗಬಾರದು, ದಾರದಲ್ಲಿ ತೂಗಿಬಿಡಿ. ಹೊಸದು ಹಾಕುವಾಗ ರಬ್ಬರ್ ಸೀಲೂ ಹೊಸದಿರಲಿ. ಕೂಲೆಂಟ್ ಅರ್ಧ, ಡಿಸ್ಟಿಲ್ಡ್ ವಾಟರ್ ಅರ್ಧ. ತೋಟದ ಬಾವಿ ನೀರು ಬೇಡ. ತುಂಬುವಾಗ ಹೀಟರ್ ಪೂರ್ತಿ ಬಿಸಿಗೆ ತಿರುಗಿಸಿಟ್ಟು, ಗಾಳಿ ಹೊರಬಿಡುವ ಬ್ಲೀಡ್ ಬೋಲ್ಟ್ ಸಡಿಲಿಸಿ, ಗುಳ್ಳೆಯಿಲ್ಲದ ಧಾರೆ ಬಂದ ಮೇಲೆ ಬಿಗಿ ಮಾಡಿ. ಒಳಗೆ ಗಾಳಿ ಉಳಿದರೆ ಮುಳ್ಳು ಹುಚ್ಚುಚ್ಚಾಗಿ ಕುಣಿಯುತ್ತದೆ.

ರೇಡಿಯೇಟರ್ ಕ್ಯಾಪ್ ಕೂಡ ನೋಡಿ. ಮಡಿಕೇರಿ ಸಮುದ್ರಮಟ್ಟದಿಂದ ಸುಮಾರು 1,150 ಮೀಟರ್ ಎತ್ತರದಲ್ಲಿದೆ. ಅಲ್ಲಿ ತೆರೆದ ಪಾತ್ರೆಯ ನೀರು 96 ಡಿಗ್ರಿಗೇ ಕುದಿಯುತ್ತದೆ. ಕ್ಯಾಪ್ ಒತ್ತಡ ಹಿಡಿಯದಿದ್ದರೆ ಎಂಜಿನ್ ಸರಿಯಿದ್ದರೂ ಕೂಲೆಂಟ್ ಉಕ್ಕುತ್ತದೆ, ಆಮೇಲೆ ಯಾರೋ ಥರ್ಮೋಸ್ಟ್ಯಾಟ್ ಕೀಳುತ್ತಾರೆ. ಕಥೆ ಮತ್ತೆ ಮೊದಲಿನಿಂದ.

ಥರ್ಮೋಸ್ಟ್ಯಾಟ್ ಸರಿಯಿದ್ದೂ ಸೈಲೆನ್ಸರ್ ಬಾಯಿ ಮಸಿ ಹಿಡಿಯುತ್ತಿದ್ದರೆ ಸೆನ್ಸರ್ ಕಡೆ ತಿರುಗಿ. ಡ್ಯಾಶ್‌ಬೋರ್ಡಿನ ಕೆಳಗೆ ಎರಡು ಪಿನ್ನಿನ ಸರ್ವಿಸ್ ಚೆಕ್ ಕನೆಕ್ಟರ್ ಇದೆ (ಪಕ್ಕದ ಮೂರು ಪಿನ್ನಿನದ್ದು ಅಲ್ಲ). ಅದರ ಎರಡೂ ಪಿನ್ನುಗಳನ್ನು ತುಂಡು ವೈರಿನಿಂದ ಸೇರಿಸಿ ಇಗ್ನಿಷನ್ ಆನ್ ಮಾಡಿದರೆ ಚೆಕ್ ಎಂಜಿನ್ ದೀಪ ಮಿಟುಕುತ್ತದೆ. ಉದ್ದ ಮಿಟುಕು ಹತ್ತು, ಗಿಡ್ಡ ಮಿಟುಕು ಒಂದು. 1 ಬಂದರೆ ಆಕ್ಸಿಜನ್ ಸೆನ್ಸರ್, 6 ಕೂಲೆಂಟ್ ಸೆನ್ಸರ್, 14 ಐಡಲ್ ವಾಲ್ವ್, 21 ವಿಟೆಕ್ ಸೊಲೆನಾಯ್ಡ್. ಆಕ್ಸಿಜನ್ ಸೆನ್ಸರ್ ಮುದಿಯಾದರೆ ಕೋಡ್ ಕೊಡದೆಯೂ ಪೆಟ್ರೋಲ್ ತಿನ್ನಬಹುದು. ಬಿಸಿ ಎಂಜಿನ್ನಿನಲ್ಲಿ ಮೀಟರ್ ಇಟ್ಟು ನೋಡಿ, ವೋಲ್ಟೇಜ್ 0.1 ಮತ್ತು 0.9ರ ನಡುವೆ ಬಿರಬಿರನೆ ಏರಿಳಿಯಬೇಕು. ತೂಕಡಿಸುತ್ತಿದ್ದರೆ ಬದಲಿಸಿ.

ಮಳೆಗಾಲದಲ್ಲಿ ಆಯಿಲ್ ಮುಚ್ಚಳದೊಳಗೆ ಬಿಳಿ ಕೆನೆ ಕಂಡರೆ ಹೆಡ್ ಗ್ಯಾಸ್ಕೆಟ್ ಹೋಯಿತೆಂದು ತಕ್ಷಣ ಗಾಬರಿ ಬೇಡ. ಶಾಲೆ, ಸಂತೆ, ಮನೆ ಎಂದು ಮೂರು ನಾಲ್ಕು ಕಿ.ಮೀ. ಮಾತ್ರ ಓಡಿಸಿದರೆ ಒಳಗಿನ ತೇವ ಆರುವುದಿಲ್ಲ. ಡಿಪ್‌ಸ್ಟಿಕ್ಕಿನಲ್ಲಿ ಆಯಿಲ್ ಶುದ್ಧವಾಗಿದ್ದು ಕೂಲೆಂಟ್ ಇಳಿಯದಿದ್ದರೆ ಅದು ಬರೀ ತೇವ. ವಾರಕ್ಕೊಮ್ಮೆ ನಲವತ್ತು ಕಿ.ಮೀ. ಓಡಿಸಿ. ಆಯಿಲನ್ನು 5,000 ಕಿ.ಮೀ. ಅಥವಾ ಆರು ತಿಂಗಳು, ಯಾವುದು ಮೊದಲೋ ಅದಕ್ಕೆ ಬದಲಿಸಿ. 10ಡಬ್ಲ್ಯು-30 ಸಾಕು, ಫಿಲ್ಟರ್ ಸಮೇತ ಮೂರೂಕಾಲು ಲೀಟರ್ ಹತ್ತಿರ ಹಿಡಿಯುತ್ತದೆ, ಕೊನೆಯ ಕಾಲು ಲೀಟರ್ ಡಿಪ್‌ಸ್ಟಿಕ್ ನೋಡಿಕೊಂಡೇ ಹಾಕಿ. ವಿಟೆಕ್ ನಡೆಯುವುದೇ ಆಯಿಲ್ ಒತ್ತಡದಿಂದ. ಆಯಿಲ್ ಕಡಿಮೆಯಾದರೆ ಮೊದಲು ಮುನಿಸಿಕೊಳ್ಳುವುದೂ ಅದೇ.

ಚಕ್ರ ಸಲೀಸಾಗಿ ತಿರುಗಲಿ

ತೋಟದ ರಸ್ತೆಯ ಕೆಮ್ಮಣ್ಣು ಮುಂದಿನ ಕ್ಯಾಲಿಪರ್ ಪಿನ್ನುಗಳಿಗೆ ಮೆತ್ತಿ ಒಣಗಿ ಬ್ರೇಕ್ ಪ್ಯಾಡನ್ನು ಡಿಸ್ಕಿಗೆ ಅಂಟಿಸಿಬಿಡುತ್ತದೆ. ಮಳೆಗಾಲ ಪೂರ್ತಿ ಹ್ಯಾಂಡ್‌ಬ್ರೇಕ್ ಎಳೆದು ನಿಲ್ಲಿಸಿದ ಕಾರಿನಲ್ಲಿ ಹಿಂದಿನ ಡ್ರಮ್ ಹಿಡಿದುಕೊಳ್ಳುತ್ತದೆ. ಬ್ರೇಕ್ ಹೆಚ್ಚು ಬಳಸದೆ ಹತ್ತು ಕಿ.ಮೀ. ಓಡಿಸಿ, ಇಳಿದು ನಾಲ್ಕೂ ರಿಮ್ಮಿನ ಹತ್ತಿರ ಕೈ ಹಿಡಿಯಿರಿ. ಒಂದು ಮಾತ್ರ ಸುಡುತ್ತಿದ್ದರೆ ಪೆಟ್ರೋಲ್ ಅಲ್ಲೇ ಹೋಗುತ್ತಿದೆ. ಪಿನ್ ತೆಗೆದು ಒರೆಸಿ ಬ್ರೇಕಿಗೆಂದೇ ಸಿಗುವ ಸಿಲಿಕೋನ್ ಗ್ರೀಸ್ ಹಚ್ಚಿ. ಮಾಮೂಲಿ ಗ್ರೀಸ್ ರಬ್ಬರನ್ನು ಊದಿಸುತ್ತದೆ.

ಬ್ರೇಕ್ ಆಯಿಲ್ ಗಾಳಿಯ ತೇವ ಹೀರುತ್ತದೆ. ಡಾಟ್ 3 ದರ್ಜೆಯ ಆಯಿಲ್ ಹೊಸದಾಗಿದ್ದಾಗ ಕನಿಷ್ಠ 205 ಡಿಗ್ರಿವರೆಗೆ ಕುದಿಯದು. ನೀರು ಸೇರಿದ ಮೇಲೆ ಆ ಮಿತಿ 140. ಡಾಟ್ 4ಕ್ಕೆ 230 ಮತ್ತು 155. ಮಾಕುಟ್ಟ ಘಾಟಿ ಇಳಿಯುವವರು ಪ್ರತಿ ವರ್ಷ ಮಳೆ ನಿಂತ ಮೇಲೆ ಬದಲಿಸುವುದು ಒಳ್ಳೆಯದು.

ಘಾಟಿಯಲ್ಲಿ ನ್ಯೂಟ್ರಲ್ ಹಾಕಿದರೆ ಪೆಟ್ರೋಲ್ ಉಳಿಯುತ್ತದೆ ಎಂಬುದು ಕಾರ್ಬ್ಯುರೇಟರ್ ಕಾಲದ ನಂಬಿಕೆ. ಈ ಕಾರಿನಲ್ಲಿ ಎಂಜಿನ್ ಬಿಸಿಯಿದ್ದು, ಗೇರಿನಲ್ಲೇ ಇದ್ದು, ಆಕ್ಸಿಲರೇಟರಿನಿಂದ ಕಾಲು ಪೂರ್ತಿ ತೆಗೆದರೆ ಇಂಜೆಕ್ಟರ್ ಮುಚ್ಚಿಕೊಳ್ಳುತ್ತದೆ, ಖರ್ಚು ಸೊನ್ನೆ. ನ್ಯೂಟ್ರಲ್ಲಿನಲ್ಲಾದರೆ ಐಡಲ್ ಹಿಡಿಯಲು ಪೆಟ್ರೋಲ್ ಬೇಕೇ ಬೇಕು, ಮೇಲಿಂದ ಬ್ರೇಕೂ ಕಾಯುತ್ತದೆ. ಸಂಪಾಜೆ ಇಳಿಯುವುದು ಮೂರನೇ ಗೇರಿನಲ್ಲಿ, ತೀರಾ ಕಡಿದಾದ ತಿರುವಿಗೆ ಎರಡು. ಹತ್ತುವಾಗ ನಾಲ್ಕನೇ ಗೇರಿನಲ್ಲಿ ಗುಡುಗುಡು ಅನ್ನಿಸುವುದಕ್ಕಿಂತ ಮೂರಕ್ಕೆ ಇಳಿಸಿ 3,000ದ ಹತ್ತಿರ ಇಟ್ಟುಕೊಳ್ಳಿ. ಮಡಿಕೇರಿ ಎತ್ತರದಲ್ಲಿ ಟರ್ಬೊ ಇಲ್ಲದ ಎಂಜಿನ್ ಶೇ. 10ಕ್ಕಿಂತ ಹೆಚ್ಚು ಶಕ್ತಿ ಕಳೆದುಕೊಂಡಿರುತ್ತದೆ. ದೋಷವೆಂದು ಹುಡುಕಲು ಹೋಗಬೇಡಿ.

ಮಳೆಗಾಲದ ಬೆಳಿಗ್ಗೆ ಎಂಜಿನ್ ಕೆಮ್ಮುತ್ತಿದ್ದರೆ ಪ್ಲಗ್ಗುಗಳಿಗೆ ಕರೆಂಟ್ ಹಂಚುವ ಡಿಸ್ಟ್ರಿಬ್ಯೂಟರಿನ ಕ್ಯಾಪ್ ಬಿಚ್ಚಿ ಒಳಗೆ ತೇವ, ಕೂದಲೆಳೆ ಬಿರುಕು, ಬಿಳಿ ಪುಡಿ ಇದೆಯೇ ನೋಡಿ. ಕತ್ತಲಲ್ಲಿ ಬಾನೆಟ್ ತೆರೆದರೆ ಸೋರುವ ಪ್ಲಗ್ ವೈರಿನ ನೀಲಿ ಕಿಡಿ ಕಣ್ಣಿಗೇ ಕಾಣುತ್ತದೆ. ವೈರಿನ ರೆಸಿಸ್ಟೆನ್ಸ್ 25 ಕಿಲೋ ಓಮ್ ದಾಟಬಾರದು. ಪ್ಲಗ್ ಗ್ಯಾಪ್ 1.1 ಮಿ.ಮೀ.

40,000 ಕಿ.ಮೀ.ಗೊಮ್ಮೆ ಟ್ಯಾಪೆಟ್, ಅಂದರೆ ವಾಲ್ವ್ ಮತ್ತು ಅದನ್ನು ಒತ್ತುವ ತೋಳಿನ ನಡುವಿನ ಸಂದು, ನೋಡಿಸಿ. ರಾತ್ರಿಯಿಡೀ ತಣ್ಣಗಾದ ಎಂಜಿನ್ನಿನಲ್ಲೇ ಅಳೆಯಬೇಕು: ಇನ್‌ಟೇಕ್ 0.18–0.22, ಎಕ್ಸಾಸ್ಟ್ 0.23–0.27 ಮಿ.ಮೀ. ಸಣ್ಣ ಟಿಕ್ ಟಿಕ್ ಸದ್ದು ಅಡಗಿಸಲೆಂದು ಬಿಗಿ ಮಾಡಿಸಬೇಡಿ. ಬಿಗಿಯಾದ ಎಕ್ಸಾಸ್ಟ್ ವಾಲ್ವ್ ಸದ್ದಿಲ್ಲದೆ ಸುಟ್ಟುಹೋಗುತ್ತದೆ. ಕ್ರ್ಯಾಂಕ್ ತಿರುಗಿಸುವಾಗ ನೆನಪಿರಲಿ, ಈ ಎಂಜಿನ್ ಉಳಿದವುಗಳಂತಲ್ಲ, ಗಡಿಯಾರದ ಮುಳ್ಳಿಗೆ ಎದುರು ದಿಕ್ಕಿನಲ್ಲಿ ತಿರುಗುತ್ತದೆ.

ಈಗ ಬಂಕಿನಲ್ಲಿ ಸಿಗುವುದು ಶೇ. 20 ಎಥನಾಲ್ ಬೆರೆತ ಪೆಟ್ರೋಲ್. ಎಥನಾಲಿನಲ್ಲಿರುವ ಶಕ್ತಿ ಅಷ್ಟೇ ಪೆಟ್ರೋಲಿನ ಮೂರರಲ್ಲಿ ಎರಡು ಪಾಲು. ಹಾಗಾಗಿ 13 ಕೊಡುತ್ತಿದ್ದ ಕಾರು 12ಕ್ಕೆ ಬಂದರೆ ಅದನ್ನು ಒಪ್ಪಿಕೊಳ್ಳಬೇಕು, ರಿಪೇರಿಯಿಂದ ವಾಪಸ್ ಬರುವುದಿಲ್ಲ. ಹಳೇ ರಬ್ಬರ್ ಪೈಪುಗಳದ್ದು ಬೇರೆ ಚಿಂತೆ. ಇಂಜೆಕ್ಷನ್ ಒತ್ತಡ ತಾಳುವ, ಎಥನಾಲಿಗೆ ಒಗ್ಗುವ ಹೋಸ್ ಕೇಳಿ ಹಾಕಿಸಿ; ಬಾನೆಟ್ ತೆರೆದಾಗ ಪೆಟ್ರೋಲ್ ವಾಸನೆ ಬಂದರೆ ಆವತ್ತೇ. ಮಳೆಗಾಲದಲ್ಲಿ ಕಾರು ವಾರಗಟ್ಟಲೆ ನಿಲ್ಲುವುದಾದರೆ ಟ್ಯಾಂಕ್ ತುಂಬಿಸಿಯೇ ನಿಲ್ಲಿಸಿ. ಖಾಲಿ ಜಾಗದ ತೇವಗಾಳಿಯಿಂದ ನೀರು ಇಳಿದು, ಅದು ಹೆಚ್ಚಾದರೆ ಎಥನಾಲ್ ಅದರ ಜೊತೆ ಬೇರ್ಪಟ್ಟು ತಳಕ್ಕೆ ಕೂರಬಹುದು.

ಟೈಮಿಂಗ್ ಬೆಲ್ಟ್ ಯಾವಾಗ ಹಾಕಿದ್ದೆಂಬ ಬಿಲ್ ಕೈಯಲ್ಲಿಲ್ಲದಿದ್ದರೆ ಹಾಕಿಯೇ ಇಲ್ಲ ಎಂದುಕೊಳ್ಳಿ. ಟೆನ್ಷನರ್, ವಾಟರ್ ಪಂಪ್, ಕ್ರ್ಯಾಂಕ್ ಸೀಲ್ ಒಟ್ಟಿಗೇ ಮಾಡಿಸಿ, ಬಿಚ್ಚುವ ಕೂಲಿ ಒಂದೇ. ಶೆಡ್ಡಿನಲ್ಲಿ ಕಾಫಿ ಮೂಟೆಯ ಪಕ್ಕ ನಿಲ್ಲಿಸುವವರು ತಿಂಗಳಿಗೊಮ್ಮೆ ಏರ್ ಫಿಲ್ಟರ್ ಡಬ್ಬಿಯನ್ನೂ ತೆರೆದು ನೋಡಿ. ಇಲಿಗೆ ಅದಕ್ಕಿಂತ ಬೆಚ್ಚನೆಯ ಗೂಡು ತೋಟದಲ್ಲಿ ಸಿಗುವುದಿಲ್ಲ.