"ಬೈ ಹೂಮ್?": ಮ್ಯಾಕ್‌ಬೆತ್ ಓದಿಸ್ತಾ ವರ್ಬ್ ಕಲಿಸಿದ ನನ್ನ ಅನುಭವ

ಇಂಗ್ಲಿಷ್ ಪ್ಯಾಸಿವ್ ವಾಯ್ಸ್, ಅಂದ್ರೆ ಕರ್ಮಣಿ ಪ್ರಯೋಗ, ಪಾಠ ಮಾಡೋವಾಗೆಲ್ಲ ನನಗೆ ಒಂದು ಬೇಜಾರು ಇದ್ದೇ ಇರ್ತಿತ್ತು. ರೂಲ್ ಎಲ್ರಿಗೂ ಬಾಯಿಪಾಠ, ಆಬ್ಜೆಕ್ಟ್‌ನ ಮುಂದಕ್ಕೆ ತಾ, ಬಿ ಫಾರ್ಮ್ ಹಾಕು, ವರ್ಬ್‌ನ ಮೂರನೇ ರೂಪ ಹಾಕು, ಕೊನೇಲಿ ಬೈ ಸೇರಿಸು. ಇಪ್ಪತ್ತು ವಾಕ್ಯ ಕೊಟ್ರೆ ಇಪ್ಪತ್ತನ್ನೂ ಸರಿಯಾಗಿ ತಿರುಗಿಸಿ ಕೊಡೋರು. ಆದ್ರೆ ಹೀಗೆ ಯಾಕಪ್ಪ ತಿರುಗಿಸ್ಬೇಕು, ಯಾರು ಯಾವಾಗ ಹೀಗೆ ಮಾತಾಡ್ತಾರೆ ಅಂತ ಕೇಳಿದ್ರೆ ಒಬ್ರೂ ಬಾಯಿ ಬಿಡ್ತಿರ್ಲಿಲ್ಲ. ಅದನ್ನ ನಾನೂ ಹೇಳ್ಕೊಟ್ಟಿರ್ಲಿಲ್ಲ.

ಹೈಸ್ಕೂಲ್ ಕ್ಲಾಸಲ್ಲಿ ಶೇಕ್ಸ್‌ಪಿಯರ್‌ನ ಮ್ಯಾಕ್‌ಬೆತ್, ಅಂದ್ರೆ ಮ್ಯಾಕ್‌ಬೆತ್ ಅನ್ನೋ ಸೇನಾಪತಿ ತನ್ನ ಮನೆಗೆ ಬಂದ ರಾಜ ಡಂಕನ್‌ನ ಕೊಲ್ಲೋ ನಾಟಕ, ಮಾಡೋಕೆ ಶುರು ಮಾಡಿದ ಮೊದಲ ವರ್ಷ ನಾಟಕಕ್ಕೆ ಮೂರು ಪೀರಿಯಡ್, ಗ್ರಾಮರ್‌ಗೆ ಎರಡು ಪೀರಿಯಡ್ ಅಂತ ಹಂಚಿಟ್ಟಿದ್ದೆ. ಎರಡಕ್ಕೂ ಸಂಬಂಧ ಇರ್ಲಿ ಅಂತ ಗ್ರಾಮರ್ ವರ್ಕ್‌ಶೀಟ್‌ಗೆ ನಾಟಕದ ಹೆಸರು ತುಂಬಿಸ್ದೆ. "ಮ್ಯಾಕ್‌ಬೆತ್ ಕಿಲ್ಡ್ ಡಂಕನ್, ಇದನ್ನ ಪ್ಯಾಸಿವ್‌ಗೆ ಬದಲಿಸಿ." ಮಕ್ಕಳು ಬದಲಿಸಿದ್ರು. ಅಷ್ಟೇ, ಗ್ರಾಮರೂ ಹತ್ತಲಿಲ್ಲ, ಕೊಲೆ ಅನ್ನೋದು ಪೆನ್ಸಿಲ್ ಕಳೆದುಹೋದಷ್ಟು ಸಣ್ಣ ವಿಷಯ ಆಗೋಯ್ತು.

ದಾರಿ ಸಿಕ್ಕಿದ್ದು ಎರಡನೇ ಅಂಕದ ಮೂರನೇ ದೃಶ್ಯ ಓದಿಸ್ತಿದ್ದಾಗ. ರಾಜನ ಹೆಣ ಸಿಕ್ಕಿದೆ, ಇಡೀ ಮನೆ ಎದ್ದಿದೆ, ರಾಜಕುಮಾರರು ಏನಾಯ್ತು ಅಂತ ಬರ್ತಾರೆ. ಆಗ ಮ್ಯಾಕ್‌ಬೆತ್ ಹೇಳೋದು, ನಿಮ್ಮ ರಕ್ತದ ಚಿಲುಮೆ "ಈಸ್ ಸ್ಟಾಪ್ಡ್". ಹೆಣ ನೋಡಿ ಬಂದ ಸರದಾರ ಮ್ಯಾಕ್‌ಡಫ್ ಸುತ್ತಿ ಬಳಸದೆ "ಯುವರ್ ರಾಯಲ್ ಫಾದರ್ಸ್ ಮರ್ಡರ್ಡ್" ಅಂತಾನೆ. ತಕ್ಷಣ ರಾಜಕುಮಾರ ಮಾಲ್ಕಮ್ ಬಾಯಲ್ಲಿ ಬರೋದು, "ಓ, ಬೈ ಹೂಮ್?", ಯಾರಿಂದ ಅಂತ.

ಮಾಲ್ಕಮ್ ಪಾರ್ಟ್ ಓದ್ತಿದ್ದ ಹುಡುಗ ಅಲ್ಲಿಗೆ ನಿಲ್ಲಿಸ್ಬಿಟ್ಟು "ಮೇಡಂ, ಇವ್ರಿಬ್ರೂ ಬಿಟ್ಟಿರೋ ಬೈನ ಇವ್ನು ಕೇಳ್ತಿದಾನೆ ಅಲ್ವಾ" ಅಂದ. ನಾನು ಇಷ್ಟು ವರ್ಷ ಹೇಳಕ್ಕಾಗದೆ ಇದ್ದಿದ್ದನ್ನ ಅವನು ಒಂದೇ ಮಾತಲ್ಲಿ ಹೇಳ್ದ. ಮುಂದೆ ಓದೋದು ಬಿಟ್ಟು ಅದೇ ಎರಡು ವಾಕ್ಯ ಬೋರ್ಡ್ ಮೇಲೆ ಬರೆದು ಕೇಳಿದೆ, ಮ್ಯಾಕ್‌ಡಫ್ ಯಾಕೆ ಬೈ ಬಿಟ್ಟ? ಅವನಿಗೆ ಗೊತ್ತಿಲ್ಲ. ಮ್ಯಾಕ್‌ಬೆತ್ ಯಾಕೆ ಬಿಟ್ಟ? ಅವನಿಗೆ ಚೆನ್ನಾಗಿ ಗೊತ್ತು. ಪ್ಯಾಸಿವ್ ಯಾವಾಗ ಬಳಸ್ತಾರೆ ಅಂತ ಗ್ರಾಮರ್ ಪುಸ್ತಕದಲ್ಲಿ ಪಾಯಿಂಟ್ ಹಾಕಿ ಕೊಟ್ಟಿರ್ತಾರಲ್ಲ, ಮಾಡ್ದೋರು ಯಾರಂತ ಗೊತ್ತಿಲ್ದಾಗ, ಹೇಳೋಕೆ ಇಷ್ಟ ಇಲ್ದಾಗ ಅಂತ, ಆ ಎರಡೂ ಪಾಯಿಂಟ್ ಅಲ್ಲಿ ಅಕ್ಕಪಕ್ಕ ನಿಂತಿದ್ವು.

ಅದೇ ದೃಶ್ಯದಲ್ಲಿ ಇನ್ನೂ ಸ್ವಲ್ಪ ಕೆಳಗೆ ಹೋದ್ರೆ ರಾಜನ ಕಾವಲುಗಾರರನ್ನೂ ಕೊಂದಿದ್ದನ್ನ ಮ್ಯಾಕ್‌ಬೆತ್ ಒಪ್ಕೋತಾನೆ, ಆಗ ವಾಕ್ಯ "ಐ ಡಿಡ್ ಕಿಲ್ ದೆಮ್". ಐ ಇದೆ, ವರ್ಬ್ ಇದೆ, ಯಾರನ್ನ ಅನ್ನೋದೂ ಇದೆ, ಒತ್ತು ಕೊಡೋಕೆ ಡಿಡ್ ಬೇರೆ. ರಾಜನ ಕೊಲೆಗೆ ಇಲ್ಲದ ಐ ಕಾವಲುಗಾರರ ಕೊಲೆಗೆ ಹೇಗೆ ಬಂತು? ರಾಜನ ಮೇಲಿನ ಪ್ರೀತಿಗೆ ಕೋಪ ತಡೆಯಕ್ಕಾಗ್ಲಿಲ್ಲ ಅಂತ ಎಲ್ರ ಮುಂದೆ ಹೇಳ್ಕೊಳ್ಳೋಕೆ ಅವನಿಗೆ ಅದು ಬೇಕಿತ್ತು. ಆ ದಿನ ಆಕ್ಟಿವ್ ಪ್ಯಾಸಿವ್ ಬಗ್ಗೆ ನಾನು ಹೊಸದಾಗಿ ಒಂದು ರೂಲೂ ಹೇಳ್ಲಿಲ್ಲ.

ಇದನ್ನ ಗಟ್ಟಿ ಮಾಡೋಕೆ ಕನ್ನಡ ತುಂಬ ಸಹಾಯ ಮಾಡ್ತು. ನಮ್ಮ ಮಾತಲ್ಲಿ ಕರ್ಮಣಿ ಪ್ರಯೋಗ ಹೆಚ್ಚುಕಮ್ಮಿ ಬರೋದೇ ಇಲ್ಲ, "ನನ್ನಿಂದ ಲೋಟ ಒಡೆಯಲ್ಪಟ್ಟಿತು" ಅಂತ ಯಾವ ಮಗೂ ಅನ್ನಲ್ಲ. ಆದ್ರೆ ಮಾಡ್ದೋರನ್ನ ಮರೆಸೋ ದಾರಿ ನಮ್ಮಲ್ಲೂ ಇದೆ, "ಲೋಟ ಒಡೆದೋಯ್ತು". ಇದು ಹೇಳಿದ್ ಕೂಡ್ಲೇ ಕ್ಲಾಸ್‌ಗೆ ಕ್ಲಾಸೇ ನಕ್ಬಿಡ್ತು, ಯಾಕಂದ್ರೆ ಎಲ್ರೂ ಹಾಗೆ ಹೇಳಿ ತಪ್ಪಿಸ್ಕೊಂಡೋರೇ.

ಪ್ರೆಸೆಂಟ್ ಪರ್ಫೆಕ್ಟ್‌ಗೆ ಇದರ ಹಿಂದಿನ ದೃಶ್ಯ. ಕೊಲೆ ಮಾಡಿ ಬಂದ ಮ್ಯಾಕ್‌ಬೆತ್ ಹೆಂಡತಿಗೆ "ಐ ಹ್ಯಾವ್ ಡನ್ ದ ಡೀಡ್" ಅಂತಾನೆ. ಕನ್ನಡದಲ್ಲಿ ಹೇಳಿ ಅಂದೆ. ಒಬ್ಳು "ಮಾಡ್ದೆ" ಅಂದ್ಲು, ಇನ್ನೊಬ್ಬ "ಮಾಡ್ಬಿಟ್ಟೆ" ಅಂದ, ಹಿಂದಿನ ಬೆಂಚಿಂದ "ಮಾಡಾಯ್ತು" ಅಂತ ಬಂತು. ಮೂರನ್ನೂ ಬರ್ದೆ. "ಮಾಡ್ದೆ" ಅಂದ್ರೆ ಬರೀ ನಡೆದಿದ್ದರ ವರದಿ. "ಮಾಡ್ಬಿಟ್ಟೆ" ಅನ್ನೋದ್ರಲ್ಲಿ ಇನ್ನು ವಾಪಸ್ ಹೋಗಕ್ಕಾಗಲ್ಲ ಅನ್ನೋ ಭಯ ಇದೆ. "ಮಾಡಾಯ್ತು" ಅನ್ನೋದ್ರಲ್ಲಿ ನಾನು ಅನ್ನೋದೇ ಇಲ್ಲ, ಶೇಕ್ಸ್‌ಪಿಯರ್ ಅಲ್ಲಿ ಐ ಇಟ್ಟಿದಾನೆ ಅಂತ ಅದನ್ನ ಮಕ್ಕಳೇ ತೆಗೆದುಹಾಕಿದ್ರು. ಆಮೇಲೆ ಮ್ಯಾಕ್‌ಬೆತ್ ಹೆಂಡತಿಯ ಉತ್ತರ ನೋಡಿ, "ಐ ಹರ್ಡ್ ದ ಔಲ್ ಸ್ಕ್ರೀಮ್", ಸಿಂಪಲ್ ಪಾಸ್ಟ್. ಗೂಬೆ ಕೂಗ್ತು, ಮುಗೀತು. ಕೊಲೆ ಮುಗಿದಿಲ್ಲ, ರಕ್ತ ಇನ್ನೂ ಅವನ ಕೈಯಲ್ಲೇ ಇದೆ. ಹ್ಯಾವ್ ಯಾಕೆ, ಬರೀ ಡಿಡ್ ಯಾಕಲ್ಲ ಅಂತ ಇದಕ್ಕಿಂತ ಚೆನ್ನಾಗಿ ತೋರಿಸೋ ಉದಾಹರಣೆ ನನಗೆ ಇವತ್ತಿನವರೆಗೂ ಸಿಕ್ಕಿಲ್ಲ.

ನಾನು ಮಾಡೋ ರೀತಿ ಹೇಳ್ತೀನಿ. ಮೊದಲ ಸಲ ಓದೋವಾಗ ಯಾರ ಕೈಯಲ್ಲೂ ಪೆನ್ ಇರಲ್ಲ, ನಿಂತ್ಕೊಂಡು ಪಾತ್ರ ಹಂಚ್ಕೊಂಡು ಜೋರಾಗಿ ಓದ್ತಾರೆ, ಗ್ರಾಮರ್ ಮಾತೇ ಇಲ್ಲ. ಎರಡನೇ ದಿನ ಅದೇ ದೃಶ್ಯದ ಹನ್ನೆರಡು, ಹೆಚ್ಚೆಂದ್ರೆ ಹದಿನೈದು ಸಾಲು, ವರ್ಬ್‌ಗಳನ್ನ ಖಾಲಿ ಬಿಟ್ಟು ಕೊಡ್ತೀನಿ, ಇಬ್ಬಿಬ್ರು ಕೂತು ತುಂಬಿಸ್ತಾರೆ. ಆಮೇಲೆ ಮೂಲ ಪಾಠ ಕೊಟ್ಟು ಎರಡು ಬಣ್ಣ, ಮಾಡ್ದೋರು ಕಾಣ್ಸಿದ್ರೆ ಕೆಂಪು, ಕಾಣದಿದ್ರೆ ನೀಲಿ. ತಾವು ಬರೆದ ವರ್ಬ್‌ಗೂ ಅಲ್ಲಿರೋ ವರ್ಬ್‌ಗೂ ಎಲ್ಲಿ ವ್ಯತ್ಯಾಸ ಇದೆಯೋ ಅಲ್ಲೇ ಚರ್ಚೆ. ಒಂದ್ಸಲ ಹುಮ್ಮಸ್ಸಲ್ಲಿ ಇಡೀ ಅಂಕಕ್ಕೆ ಬಣ್ಣ ಹಾಕ್ಸೋಕೆ ಹೋದೆ, ಮೂರನೇ ಪುಟಕ್ಕೆ ಮಕ್ಕಳು ಕಥೆನೂ ಮರೆತ್ರು, ಸುಮ್ನೆ ಗೀಟು ಎಳೀತಾ ಕೂತಿದ್ರು. ಹದಿನೈದು ಸಾಲಿಗೆ ನಾನು ನಿಂತಿದ್ದು ಆಮೇಲೇನೇ.

ಸಬ್ಜಂಕ್ಟಿವ್ ವಿಷಯದಲ್ಲಿ ನಾನು ತಪ್ಪು ಮಾಡಿದ್ದೂ ಇದೆ. ಮೊದಲ ಅಂಕದ ಏಳನೇ ದೃಶ್ಯದಲ್ಲಿ "ಇಫ್ ಇಟ್ ವರ್ ಡನ್ ವೆನ್ ಟಿಸ್ ಡನ್" ಅಂತ ಬರುತ್ತೆ. ಒಬ್ಬ ಹುಡುಗಿ "ಇಟ್‌ಗೆ ವಾಸ್ ಬರ್ಬೇಕಲ್ವಾ ಮೇಡಂ" ಅಂದ್ಲು, ನಾನು ಅವಸರದಲ್ಲಿ ಕವಿತೆಲಿ ಹಾಗೆಲ್ಲ ಬರ್ತಾರಮ್ಮ ಅಂದ್ಬಿಟ್ಟೆ. ಮನೆಗೆ ಹೋಗಿ ನೋಡಿದ್ರೆ ಅದು ಕವಿಯ ಸ್ವಾತಂತ್ರ್ಯ ಅಲ್ವೇ ಅಲ್ಲ, ಆಗದೇ ಇರೋದನ್ನ ಕಲ್ಪಿಸ್ಕೊಂಡು ಹೇಳೋ ವರ್. ಮಾರನೇ ದಿನ ಅವಳ ಹೆಸರು ಹೇಳಿ, ನೀನು ಕೇಳಿದ್ದೇ ಸರಿಯಾದ ಪ್ರಶ್ನೆ, ನಾನು ಹೇಳಿದ್ದು ತಪ್ಪು ಅಂತ ತಿದ್ದಿದೆ. ಕನ್ನಡ ವ್ಯಾಕರಣದಲ್ಲಿ ವಿಧ್ಯರ್ಥ, ನಿಷೇಧಾರ್ಥ, ಸಂಭಾವನಾರ್ಥ ಅಂತ ಅವ್ರು ಆಗ್ಲೇ ಓದಿದ್ರು, ವರ್ಬ್‌ಗೆ ಕಾಲ ಮಾತ್ರ ಅಲ್ಲ, ಮನಸ್ಸಿನ ಧಾಟಿನೂ ಇರುತ್ತೆ ಅಂತ ಹೇಳಿದ್ದು ಸಲೀಸಾಗಿ ಹತ್ತಿತು. ಆಗ ಇನ್ನೊಂದೂ ಕಣ್ಣಿಗೆ ಬಿತ್ತು, ಆ ಒಂದು ವಾಕ್ಯದಲ್ಲೇ ಡನ್ ಮೂರು ಸಲ ಬರುತ್ತೆ, ಏನು ಮಾಡೋದು ಅಂತ ಒಂದ್ಸಲಾನೂ ಹೇಳಲ್ಲ, ಯಾರು ಅಂತಾನೂ ಇಲ್ಲ. ಮೂರೂ ನೀಲಿ.

ಹಳೇ ರೂಪಗಳ ಬಗ್ಗೆ ಕೆಲವರಿಗೆ ಹೆದರಿಕೆ ಇರುತ್ತೆ, ಹ್ಯಾತ್, ಡಿಡ್ಸ್ಟ್ ಅಂತ ಮಕ್ಕಳು ಪರೀಕ್ಷೇಲೂ ಬರೆದ್ಬಿಟ್ರೆ? ನಮ್ಮ ಕ್ಲಾಸಲ್ಲಿ ಒಬ್ರು ಬರೆದ್ರು. ಅದಕ್ಕೇ ಈಗ ನೋಟ್ಸ್‌ನಲ್ಲಿ ಎಡಗಡೆ ಅಂದಿನ ರೂಪ, ಬಲಗಡೆ ಇಂದಿನ ರೂಪ ಬರೆಸ್ತೀನಿ. ಈ ನಾಟಕ ಬರೆದಿದ್ದು ಸುಮಾರು 1606ರಲ್ಲಿ, ಅಚ್ಚಾಗಿದ್ದು 1623ರ ಫೋಲಿಯೋ ಅನ್ನೋ ಅವನ ನಾಟಕಗಳ ಸಂಗ್ರಹದಲ್ಲಿ, ಆ ಕಾಲದಲ್ಲಿ ಡು ಹಾಕಿ ಪ್ರಶ್ನೆ ಕೇಳೋದೂ ಇತ್ತು, ಹಾಕದೇ ಕೇಳೋದೂ ಇತ್ತು. ಕೊಲೆಯಾದ ಬೆಳಿಗ್ಗೆ ಲೆನಾಕ್ಸ್ ಅನ್ನೋ ಸರದಾರ "ಗೋಸ್ ದ ಕಿಂಗ್ ಹೆನ್ಸ್ ಟುಡೇ?" ಅಂತ ಕೇಳ್ತಾನೆ, ರಾಜ ಇವತ್ತು ಹೊರಡ್ತಾರಾ ಅಂತ. ಡು ಇಲ್ಲ. ಉತ್ತರ ಮಾತ್ರ ಬಿಟ್ಟುಬಿಡೋ ಹಾಗಿಲ್ಲ, ಮ್ಯಾಕ್‌ಬೆತ್ "ಹಿ ಡಸ್" ಅಂತಾನೆ, ಮರುಕ್ಷಣ "ಹಿ ಡಿಡ್ ಅಪಾಯಿಂಟ್ ಸೋ" ಅಂತ ಪಾಸ್ಟ್‌ಗೆ ಜಾರ್ಕೋತಾನೆ. ಹೊರಡ್ತಾರೆ ಅಂದೋನು ಹಾಗಂತ ಗೊತ್ತು ಮಾಡಿದ್ರು ಅಂತ ತಿದ್ಕೊಂಡ. ರಾಜ ಒಳಗೆ ಸತ್ತು ಬಿದ್ದಿದಾನೆ, ಅಲ್ಲಿ ನಿಂತಿರೋರಲ್ಲಿ ಅದು ಇವನಿಗೊಬ್ಬನಿಗೆ ಗೊತ್ತು, ಪ್ರೆಸೆಂಟ್ ಟೆನ್ಸ್ ಅವನ ನಾಲಿಗೆ ಮೇಲೆ ನಿಲ್ಲಲಿಲ್ಲ. ಈ ಸಾಲು ಓದಿಸೋವಾಗ ನನಗೆ ಈಗಲೂ ಮೈ ಜುಮ್ ಅನ್ನುತ್ತೆ.

ಇನ್‌ಫಿನಿಟಿವ್‌ಗೆ ಹ್ಯಾಮ್ಲೆಟ್ ನಾಟಕದ "ಟು ಬಿ ಆರ್ ನಾಟ್ ಟು ಬಿ" ಸ್ವಗತ ತಗೋತೀನಿ, ಟು ಬಿ, ಟು ಡೈ, ಟು ಸ್ಲೀಪ್. ಆ ಇಡೀ ಸ್ವಗತದಲ್ಲಿ ಐ ಅನ್ನೋ ಪದ ಹುಡುಕಿ ಅಂದ್ರೆ ಸಾಕು, ಸಿಗಲ್ಲ ಅಂತ ಗೊತ್ತಾದ್ಮೇಲೆ ಇನ್‌ಫಿನಿಟಿವ್‌ಗೆ ಕರ್ತೃ ಬೇಕಾಗಲ್ಲ ಅನ್ನೋದನ್ನ ಬೇರೆ ಹೇಳ್ಬೇಕಾಗಲ್ಲ.

ಈ ವರ್ಷ ಮೋಡಲ್‌ಗಳಿಗೆ, ಅಂದ್ರೆ ಶುಡ್, ವುಡ್ ಥರದ ಸಹಾಯಕ ವರ್ಬ್‌ಗಳಿಗೆ, ಮ್ಯಾಕ್‌ಬೆತ್‌ನ ಐದನೇ ಅಂಕ ತಗೊಂಡೆ. ಹೆಂಡತಿ ಸತ್ತ ಸುದ್ದಿ ಬಂದಾಗ ಮ್ಯಾಕ್‌ಬೆತ್ ಅನ್ನೋದು, "ಶಿ ಶುಡ್ ಹ್ಯಾವ್ ಡೈಡ್ ಹಿಯರ್‌ಆಫ್ಟರ್". ಶುಡ್ ಅಂದ್ರೆ ಬೇಕಿತ್ತು ಅಂತ ಕಲಿತಿದ್ದೋರು "ಇನ್ನೂ ಆಮೇಲೆ ಸಾಯ್ಬೇಕಿತ್ತು ಅವ್ಳು" ಅಂತ ಬರೆದ್ರು, ಅಂದ್ರೆ ಈಗ ಅಳೋಕೂ ಪುರುಸೊತ್ತಿಲ್ಲ ಅಂತ. ಆದ್ರೆ ಆ ಕಾಲದ ಶುಡ್‌ಗೆ ಇವತ್ತಿನ ವುಡ್ ಅರ್ಥಾನೂ ಇತ್ತು ಅಂತ ಹೇಳಿದ್ಮೇಲೆ ನಾಲ್ಕೈದು ಜನ ಹೊಡೆದುಹಾಕಿ "ಇವತ್ತಲ್ದಿದ್ರೆ ಮುಂದೆ ಯಾವತ್ತೋ ಸಾಯ್ತಾನೇ ಇದ್ಲು" ಅಂತ ತಿದ್ದಿದ್ರು. ಮೊದಲನೇದ್ರಲ್ಲಿ ದುಃಖ ಇದೆ ಅಂತ ಅರ್ಧ ಕ್ಲಾಸು, ಎರಡನೇದ್ರಲ್ಲಿ ಇನ್ನೂ ಹೆಚ್ಚು ದುಃಖ ಇದೆ ಅಂತ ಉಳಿದರ್ಧ. ವಿದ್ವಾಂಸರೂ ಎರಡೂ ಥರ ಓದ್ತಾರೆ, ಹಾಗಾಗಿ ನಾನು ಯಾವ್ದಕ್ಕೂ ತಪ್ಪು ಅಂತ ಗುರುತು ಹಾಕ್ಲಿಲ್ಲ, ಎರಡನ್ನೂ ಶುಡ್ ಅನ್ನೋ ಒಂದೇ ಪದದ ಕೆಳಗೆ ನೋಟ್ಸ್‌ನಲ್ಲಿ ಬರೆಸ್ದೆ.