ಮೋಟಾರ್ ಪ್ಲೇಟಿನ ಸ್ಕೆಚ್: ಫ್ರೀಕ್ಯಾಡ್‌ನಲ್ಲಿ ನಾನು ಬರೆಯುವ ಬಗೆ

ಅಗರಬತ್ತಿ ಡಬ್ಬಿಗಳನ್ನು ಸಾಗಿಸುವ ಚಿಕ್ಕ ಬೆಲ್ಟ್ ಕನ್ವೇಯರ್‌ಗೆ ಒಂದು ಮೋಟಾರ್ ಪ್ಲೇಟ್ ಬೇಕಿತ್ತು. 5 ಮಿ.ಮೀ. ದಪ್ಪದ ಎಂಎಸ್ (ಮೈಲ್ಡ್ ಸ್ಟೀಲ್) ಶೀಟ್. ನಡುವೆ ನೆಮಾ 17 ಅಳತೆಯ ಸ್ಟೆಪ್ಪರ್ ಮೋಟಾರ್, ಅಂದರೆ ಹೆಜ್ಜೆ ಹೆಜ್ಜೆಯಾಗಿ ತಿರುಗುವ ಮೋಟಾರ್; ನೆಮಾ ಸಂಖ್ಯೆ ಅದರ ಮುಖದ ಗಾತ್ರ ಹೇಳುತ್ತದೆ. ಬೆಲ್ಟ್ ಬಿಗಿ ಮಾಡಲು ಎರಡೂ ಬದಿಗೆ ಒಂದೊಂದು ಸ್ಲಾಟ್ (ಉದ್ದನೆಯ ತೂತು). ಪೀಣ್ಯದಲ್ಲಿ ಲೇಸರ್ ಕಟಿಂಗ್ ಮಾಡಿಸುವ ಯೋಚನೆ. ಯಂತ್ರದ ಭಾಗಗಳನ್ನು ಕಂಪ್ಯೂಟರಿನಲ್ಲಿ ವಿನ್ಯಾಸ ಮಾಡುವ ಫ್ರೀಕ್ಯಾಡ್ ಪ್ರೋಗ್ರಾಂನಲ್ಲಿ ಇಂಥದ್ದನ್ನು ಸುಮ್ನೆ ಗೆರೆ ಎಳೆದು, ತೂತು ಇಟ್ಟು ಬೇಗ ಮುಗಿಸಬಹುದು. ನಾನು ಮಾತ್ರ ಸ್ಕೆಚ್‌ಗೆ, ಅಂದರೆ ಘನಾಕೃತಿಗೆ ಆಧಾರವಾದ 2ಡಿ ಗೆರೆಚಿತ್ರಕ್ಕೆ, ಜಾಸ್ತಿ ಹೊತ್ತು ಕೊಡುತ್ತೇನೆ. ಗಿರಾಕಿ ಮುಂದೆ ಯಾವುದನ್ನು ಬದಲಿಸಲು ಕೇಳಬಹುದು, ಯಾವುದು ಅಲುಗಾಡಲೇಬಾರದು ಎನ್ನುವುದು ತೀರ್ಮಾನವಾಗುವುದು ಅಲ್ಲೇ.

ಮೊದಲ ಪ್ರಶ್ನೆ, ಮೂಲಬಿಂದು ಎಲ್ಲಿರಬೇಕು? ತುಂಬ ಜನ ಪ್ಲೇಟಿನ ಎಡ ಮೂಲೆಯಿಂದ ಶುರು ಮಾಡುತ್ತಾರೆ. ನಾನು ಮೋಟಾರ್ ಶಾಫ್ಟಿನ ನಡುಬಿಂದುವನ್ನು ಮೂಲಬಿಂದುವಿನ ಮೇಲೆ ಇಡುತ್ತೇನೆ. ಈ ಪ್ಲೇಟಿನಲ್ಲಿ ಎಲ್ಲ ಅಳತೆಯೂ ಶಾಫ್ಟನ್ನೇ ನೋಡಿಕೊಂಡಿದೆ. ಮೂಲೆ ಯಾರಿಗೂ ಬೇಕಾಗಿಲ್ಲ.

ಆಯತದ ಟೂಲ್ ತೆಗೆದುಕೊಂಡು ಅಂದಾಜಿಗೆ ಒಂದು ಆಯತ ಎಳೆದೆ. ಅಂದಾಜು ಅಂದರೂ ನಿಜವಾದ ಗಾತ್ರಕ್ಕೆ ಹತ್ತಿರ ಇರಲಿ. 110 ಮಿ.ಮೀ. ಬೇಕಿರುವಲ್ಲಿ ಅರ್ಧ ಮೀಟರ್ ಎಳೆದು ಆಮೇಲೆ ಅಳತೆ ಕೊಟ್ಟರೆ ಆಕಾರ ತಿರುಚಿಕೊಳ್ಳಬಹುದು.

ಈಗ ಸಾಲ್ವರ್, ಅಂದರೆ ನಾವು ಕೊಟ್ಟ ನಿಯಮಗಳಿಗೆ ತಕ್ಕಂತೆ ಗೆರೆಗಳನ್ನು ಕೂರಿಸುವ ಭಾಗ, ಹೇಳುವ ಲೆಕ್ಕ ಗಮನಿಸಿ. ನಾಲ್ಕು ಗೆರೆ. ಒಂದೊಂದಕ್ಕೂ ಎರಡು ತುದಿ, ತುದಿಗೆ ಎರಡು ಅಳತೆ, ಒಟ್ಟು 16 ಡಿಗ್ರಿ ಆಫ್ ಫ್ರೀಡಂ. ಅಂದರೆ ಗೆರೆಗಳು ಇಷ್ಟು ರೀತಿ ಅಲುಗಾಡಬಹುದು ಅಂತ. ನಾಲ್ಕು ಮೂಲೆಗಳು ಕೂಡಿಕೊಂಡಾಗ 8 ಹೋಗುತ್ತದೆ. ಎರಡು ಗೆರೆ ಅಡ್ಡ, ಎರಡು ಲಂಬ ಎಂದಾಗ ಇನ್ನೂ 4 ಹೋಗುತ್ತದೆ. ಈ ಕನ್‌ಸ್ಟ್ರೇಂಟ್‌ಗಳನ್ನು (ಗೆರೆಗಳನ್ನು ಕಟ್ಟುವ ನಿಯಮಗಳನ್ನು) ಟೂಲ್ ತಾನೇ ಹಾಕಿರುತ್ತದೆ. ಉಳಿದದ್ದು 4. ಎದುರುಬದುರು ಇರುವ ಎರಡು ಮೂಲೆ, ಆಮೇಲೆ ಮೂಲಬಿಂದು, ಹೀಗೆ ಮೂರನ್ನೂ ಆರಿಸಿ ಸಿಮೆಟ್ರಿಕ್ ಕೊಟ್ಟೆ, ಅಂದರೆ ಮೂಲಬಿಂದು ಆ ಎರಡು ಮೂಲೆಗಳ ನಟ್ಟನಡುವೆ ಇರಲಿ ಅಂತ. ಇನ್ನು 2. ಅವೇ ಅಗಲ ಮತ್ತು ಎತ್ತರ. ಸಂಖ್ಯೆ ಬೇಕಾದದ್ದು ಅಲ್ಲಿ ಮಾತ್ರ. ಸಂಬಂಧಗಳು ಮೊದಲು, ಅಳತೆಗಳು ಕೊನೆಗೆ ಎಂಬ ಈ ಕ್ರಮವನ್ನು ನಾನು ಯಾವತ್ತೂ ಬಿಡುವುದಿಲ್ಲ.

ಈ ಉಪಾಯ ಹೊಸದಲ್ಲ. ಅಮೆರಿಕದ ಎಂಐಟಿಯಲ್ಲಿ ಇವಾನ್ ಸದರ್ಲೆಂಡ್ 1963ರಲ್ಲೇ ಸ್ಕೆಚ್‌ಪ್ಯಾಡ್ ಎಂಬ ಪ್ರೋಗ್ರಾಂ ತೋರಿಸಿದ್ದರು. ಟಿಎಕ್ಸ್-2 ಕಂಪ್ಯೂಟರಿನ ಪರದೆ ಮೇಲೆ ಲೈಟ್ ಪೆನ್ನಿನಿಂದ ಗೆರೆ ಎಳೆದು, ಇವೆರಡೂ ಸಮಾನಾಂತರ ಇರಲಿ ಎಂದು ಆಗಲೇ ಹೇಳಬಹುದಿತ್ತು. ಅಷ್ಟು ಹಿಂದೆ ಇದನ್ನು ಯೋಚಿಸಿದ್ದರು ಅಂದರೆ ನನಗೆ ಇವತ್ತಿಗೂ ಬೆರಗು.

ಮೋಟಾರ್ ತೂತುಗಳಿಗೆ ಬರೋಣ. ನೆಮಾ 17ಕ್ಕೆ ನಾಲ್ಕು ಸ್ಕ್ರೂ, ಒಂದರಿಂದ ಪಕ್ಕದ್ದಕ್ಕೆ 31 ಮಿ.ಮೀ. ನಾಲ್ಕು ವೃತ್ತ ಎಳೆದು ಪ್ರತಿಯೊಂದಕ್ಕೂ ಎರಡು ಕಡೆಯಿಂದ ಅಳತೆ ಕೊಟ್ಟರೆ ಎಂಟು ಸಂಖ್ಯೆ ಬೇಕು. ನಾನು ಕನ್‌ಸ್ಟ್ರಕ್ಷನ್ ಗೆರೆಗಳಲ್ಲಿ ಒಂದು ಚೌಕ ಎಳೆದೆ. ಈ ಗೆರೆಗಳು ಸ್ಕೆಚ್‌ನಲ್ಲಿ ಕಾಣುತ್ತವೆ, ಆದರೆ ಅವುಗಳಿಂದ ಲೋಹದಲ್ಲಿ ಏನೂ ಆಗುವುದಿಲ್ಲ. ಈ ಚೌಕವೂ ಮೂಲಬಿಂದುವಿಗೆ ಸಿಮೆಟ್ರಿಕ್. ಪಕ್ಕಪಕ್ಕದ ಎರಡು ಬದಿಗೆ ಈಕ್ವಲ್ ಕೊಟ್ಟು, ಒಂದಕ್ಕೆ 31 ಬರೆದೆ. ನಾಲ್ಕು ವೃತ್ತಗಳ ಕೇಂದ್ರಗಳನ್ನು ಚೌಕದ ಮೂಲೆಗಳಿಗೆ ಕೂರಿಸಿ, ವೃತ್ತಗಳಿಗೆಲ್ಲ ಈಕ್ವಲ್ ಕೊಟ್ಟು, ಒಂದಕ್ಕೆ ಮಾತ್ರ ವ್ಯಾಸ 3.4 ಬರೆದೆ. 3 ಮಿ.ಮೀ. ದಪ್ಪದ ಎಂ3 ಸ್ಕ್ರೂ ಸಲೀಸಾಗಿ ಹೋಗಲು ಅಷ್ಟು ಬೇಕು. ಎಂಟು ಸಂಖ್ಯೆಗಳ ಲೆಕ್ಕ ಹೋಗಿ, ವ್ಯಾಸವೂ ಸೇರಿ ಎರಡೇ ಸಂಖ್ಯೆ ಉಳಿಯಿತು. ಇಡೀ ಸ್ಕೆಚ್ಚರ್‌ನಲ್ಲಿ ನನಗೆ ತುಂಬ ಇಷ್ಟವಾದ ಟೂಲ್ ಈ ಕನ್‌ಸ್ಟ್ರಕ್ಷನ್ ಗೆರೆ.

ಮೋಟಾರಿನ ಮುಖದಲ್ಲಿ 22 ಮಿ.ಮೀ. ವ್ಯಾಸದ ಉಬ್ಬು ಇರುತ್ತದೆ. ಅದಕ್ಕೆ ನಡುವೆ 22.5ರ ತೂತು. ಸ್ಲಾಟ್‌ಗಳನ್ನು ಸ್ಲಾಟ್ ಟೂಲಿನಿಂದಲೇ ಎಳೆದೆ, ಲಂಬ ಅಕ್ಷದ ಎಡಕ್ಕೂ ಬಲಕ್ಕೂ ಸಿಮೆಟ್ರಿಕ್, ಶಾಫ್ಟಿನಿಂದ 42 ಮಿ.ಮೀ. ದೂರ.

ಅಲುಗಾಡುವುದು ಏನೂ ಉಳಿಯದಿದ್ದಾಗ ಸ್ಕೆಚ್ ಹಸಿರು ಬಣ್ಣಕ್ಕೆ ತಿರುಗುತ್ತದೆ. ಇಷ್ಟಾದ ಮೇಲೂ ಹಸಿರಾಗದಿದ್ದರೆ ಎಲ್ಲೋ ಏನೋ ಸಡಿಲ ಇದೆ ಅಂತ. ಸಾಲ್ವರ್ ಸಂದೇಶದಲ್ಲಿ ಉಳಿದ ಡಿಗ್ರಿಗಳ ಮೇಲೆ ಕ್ಲಿಕ್ ಮಾಡಿದರೆ ಸಡಿಲ ಇರುವ ಭಾಗವನ್ನು ಅದೇ ಆರಿಸಿ ತೋರಿಸುತ್ತದೆ. ನಾನು ಮೌಸಿನಲ್ಲಿ ಎಳೆದೂ ನೋಡುತ್ತೇನೆ. ಯಾವುದು ಜಾರುತ್ತದೋ ಅದಕ್ಕೆ ಏನು ಬೇಕು ಎಂದು ಆಗ ಗೊತ್ತಾಗುತ್ತದೆ. ಹಸಿರು ಮಾಡುವ ಆತುರಕ್ಕೆ ಗೆರೆಯನ್ನು ಇದ್ದಲ್ಲೇ ಕಟ್ಟಿಹಾಕುವ ಬ್ಲಾಕ್ ಅಥವಾ ಲಾಕ್ ಹಾಕಿಬಿಡುವುದು ಒಳ್ಳೆಯದಲ್ಲ. ಗೆರೆ ನಿಲ್ಲುತ್ತದೆ, ನಿಜ. ಆದರೆ ಯಾಕೆ ಅಲ್ಲಿ ನಿಂತಿದೆ ಎಂಬುದಕ್ಕೆ ಉತ್ತರ ಇರುವುದಿಲ್ಲ. ಇನ್ನೊಂದು ಕಡೆ, ಒಂದೇ ಮಾತನ್ನು ಎರಡು ಸಲ ಹೇಳಿದರೆ ಸಾಲ್ವರ್ ರಿಡಂಡೆಂಟ್ ಎನ್ನುತ್ತದೆ. ಆಗ ಯಾವುದನ್ನು ಅಳಿಸಬೇಕು ಎಂದು ನಾನೇ ನೋಡಿ ಅಳಿಸುತ್ತೇನೆ.

ಆಮೇಲೆ ಅಳತೆಗಳಿಗೆ ಹೆಸರು. ಸ್ಪ್ರೆಡ್‌ಶೀಟ್‌ನಲ್ಲಿ ತೂತಿನ ಅಂತರ, ಸ್ಕ್ರೂ ತೂತಿನ ವ್ಯಾಸ, ನಡುತೂತಿನ ವ್ಯಾಸ ಮೂರನ್ನೂ ಬರೆದು ಸ್ಕೆಚ್‌ಗೆ ಜೋಡಿಸಿದೆ. ಪ್ಲೇಟಿನ ಎತ್ತರಕ್ಕೆ ಸಂಖ್ಯೆ ಕೊಡಲಿಲ್ಲ. ತೂತಿನ ಅಂತರಕ್ಕೆ 24 ಕೂಡಿಸು ಎಂದು ಸೂತ್ರ ಕೊಟ್ಟೆ, ತೂತಿನಿಂದ ಅಂಚಿಗೆ ಮೇಲೂ ಕೆಳಗೂ 12 ಇರಲಿ ಅಂತ. ಈಗ ಎತ್ತರ 55. ಅಗಲ 110, ಸ್ಲಾಟಿನ ದೂರ 42, ಇವನ್ನು ಬೇಕೆಂದೇ ಬೇರೆ ಇಟ್ಟೆ. ಅವು ಕನ್ವೇಯರ್ ಫ್ರೇಮಿನ ಅಳತೆಗಳು. ಮೋಟಾರ್ ಬದಲಾದರೆ ಅವು ಕದಲಬಾರದು, ಅಲ್ವಾ?

ಬದಲಾಯಿತು ಕೂಡ. ಡಬ್ಬಿಗಳ ತೂಕ ಜಾಸ್ತಿಯಾಗಿ ಗಿರಾಕಿ ನೆಮಾ 23 ಹಾಕಿಕೊಡಿ ಎಂದರು. ಅದರ ತೂತಿನ ಅಂತರ 47.14, ಉಬ್ಬು 38.1. ಸ್ಪ್ರೆಡ್‌ಶೀಟ್‌ನಲ್ಲಿ 47.14, 5.5, 38.6 ಬರೆದೆ. ಎತ್ತರ ತಾನಾಗಿಯೇ 71.14 ಆಯಿತು. ಸ್ಲಾಟ್‌ಗಳು ಇದ್ದಲ್ಲೇ ಇದ್ದವು. ಫ್ರೇಮಿನಲ್ಲಿ ಆಗಲೇ ಹೊಡೆದಿದ್ದ ತೂತುಗಳಿಗೇ ಹೊಸ ಪ್ಲೇಟ್ ಕೂರುವಂತಾಯಿತು. ಶಾಫ್ಟ್ ದಪ್ಪ ಬೇರೆ, ಹಾಗಾಗಿ ಪುಲ್ಲಿ ಮಾತ್ರ ಹೊಸದು ತರಿಸಬೇಕಾಯಿತು.

ಮೂಲೆಗಳನ್ನು ದುಂಡಗೆ ಮಾಡುವುದನ್ನು ನಾನು ಸ್ಕೆಚ್‌ನಲ್ಲಿ ಇಟ್ಟುಕೊಳ್ಳುವುದಿಲ್ಲ. ಪ್ಯಾಡ್ ಮಾಡಿ 5 ಮಿ.ಮೀ. ದಪ್ಪ ಕೊಟ್ಟ ಮೇಲೆ ಘನಾಕೃತಿಗೇ ಫಿಲೆಟ್ ಹಾಕುತ್ತೇನೆ. ಸ್ಕೆಚ್ ಹಗುರವಾಗಿರುತ್ತದೆ, ಮೂಲೆಯ ಬಿಂದುಗಳೂ ಸಿಮೆಟ್ರಿಗೆ ಉಳಿದಿರುತ್ತವೆ. ಹಾಗೆಯೇ, ಮುಂದಿನ ಸ್ಕೆಚ್ ಬೇಕಾದರೆ ಆದಷ್ಟೂ ಮೂಲ ಸಮತಲದ ಮೇಲೇ ಎಳೆಯುತ್ತೇನೆ. ಘನಾಕೃತಿಯ ಮುಖಕ್ಕೆ ಅಂಟಿಸಿದ ಸ್ಕೆಚ್, ಕೆಳಗಿನದು ಬದಲಾದಾಗ ದಾರಿ ತಪ್ಪುವ ತೊಂದರೆ ಫ್ರೀಕ್ಯಾಡ್‌ಗೆ ಬಹಳ ಕಾಲ ಇತ್ತು. 2024ರ ನವೆಂಬರಿನಲ್ಲಿ ಬಂದ 1.0 ಆವೃತ್ತಿಯಲ್ಲಿ ಅದು ತುಂಬ ಕಡಿಮೆಯಾಗಿದೆ. ಆದರೂ ನಾನು ಅಭ್ಯಾಸ ಬಿಟ್ಟಿಲ್ಲ.

ಕಟಿಂಗ್‌ಗೆ ಡಿಎಕ್ಸ್ಎಫ್ ಎಂಬ 2ಡಿ ಚಿತ್ರದ ಫೈಲ್ ಬೇಕು. ಅದಕ್ಕೆ ಫ್ರೀಕ್ಯಾಡ್‌ನ ಡ್ರಾಫ್ಟ್ ವಿಭಾಗದಲ್ಲಿ ಪ್ಲೇಟಿನ 2ಡಿ ನೋಟ ತೆಗೆದು ಕಳಿಸುತ್ತೇನೆ. ಹಾಗೆ ಮಾಡಿದರೆ ದುಂಡು ಮೂಲೆಗಳೂ ಬರುತ್ತವೆ, ಕನ್‌ಸ್ಟ್ರಕ್ಷನ್ ಚೌಕ ಬರುವುದಿಲ್ಲ. ಶೀಟಿನ ದಪ್ಪಕ್ಕಿಂತ ಚಿಕ್ಕ ತೂತು ಲೇಸರಿನಲ್ಲಿ ಚೊಕ್ಕವಾಗಿ ಬರುವುದು ಕಷ್ಟ. ಹಾಗಾಗಿ ನೆಮಾ 17ರ ಪ್ಲೇಟಿನಲ್ಲಿ 3.4ರ ತೂತುಗಳಿಗೆ ಗುರುತು ಮಾತ್ರ ಹಾಕಿಸಿ ನಾವೇ ಡ್ರಿಲ್ ಮಾಡಿದ್ದೆವು. ನೆಮಾ 23ರ 5.5 ತೂತುಗಳನ್ನು ನೇರವಾಗಿ ಲೇಸರಿಗೇ ಬಿಟ್ಟೆವು.